ರಾಮದುರ್ಗದ ಗುಡ್ಡದಾರಿ ಮತ್ತು ಒಂದು ಬಾಯಿಗಲ್ಲು

ಎರಡು ಸಾವಿರದ ಇಸವಿ ದಾಟಿ ಮೂರನೆಯ ಬೇಸಿಗೆ. ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಮೂರು ಜೀಪುಗಳು ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಮುಂದಿನಿಂದ ಹೊರಟವು. ಹಿಂದಿನ ದಿನ ಅಡ್ಡಮಳೆ ಬಿದ್ದು ಎರೆಮಣ್ಣಿನ ವಾಸನೆ ಇನ್ನೂ ಗಾಳಿಯಲ್ಲಿತ್ತು. ಮೊದಲ ಜೀಪು ಅಡತಿ ವ್ಯಾಪಾರದ ವೀರಭದ್ರಪ್ಪನವರದು, ನಮ್ಮ ಕೂಟಕ್ಕೆ ಅವರೇ ಹಿರಿಯರು. ಎರಡನೆಯದು ನನ್ನ ಅಣ್ಣ ಶಂಕರೆಪ್ಪನದು, ಅವನ ಪಕ್ಕದಲ್ಲಿ ನಾನು. ಮೂರನೆಯದನ್ನು ಮೆಕ್ಯಾನಿಕ್ ಮಕ್ತುಮ್ ಹೊಡೆಯುತ್ತಿದ್ದ. ಮೂರೂ ಮಿಲಿಟರಿ ಹರಾಜಿನಲ್ಲಿ ಬಂದ ಹಳೆಯ ಗಾಡಿಗಳು. ಹಿಂದೆ ಹಾರೆ, ಗುದ್ದಲಿ, ಬುಟ್ಟಿ, ಹಗ್ಗ, ನೀರಿನ ಕ್ಯಾನು, ಎರಡು ಗಂಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ನಮ್ಮ ಕೂಟಕ್ಕೆ ಹೆಸರಿಲ್ಲ, ಊರವರು ಜೀಪಿನ ಮಂದಿ ಎನ್ನುತ್ತಾರೆ. ಬಸ್ಸು ಹೋಗದ ದಾರಿಯಲ್ಲಿ, ಹಳ್ಳದಲ್ಲಿ, ಬಂಡೆಯ ಮೇಲೆ ಗಾಡಿ ಹೊಡೆಯುವುದು ನಮ್ಮ ಹುಚ್ಚು. ಅದು ಬರೀ ಹುಚ್ಚಾಗಬಾರದೆಂದು ಅಣ್ಣ ಒಂದು ರೂಢಿ ಹಾಕಿದ್ದ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ನಾವು ತುಳಿದ ದಾರಿಗಳನ್ನೆಲ್ಲ ರಿಪೇರಿ ಮಾಡಿ ಬರಬೇಕು. ಗಾಲಿ ಕೊರೆದ ಕೊರಕಲಿಗೆ ಕಲ್ಲು ತುಂಬಿ ಮೇಲೆ ಗರಸು ಮಣ್ಣು ಹಾಕುವುದು. ಮಳೆನೀರು ದಾರಿಗುಂಟ ಹರಿಯದಂತೆ ಅಡ್ಡ ಕಾಲುವೆ ತೋಡುವುದು. ಯಾರೋ ಅಡ್ಡಾದಿಡ್ಡಿ ಮಾಡಿಕೊಂಡ ಒಳದಾರಿಗಳ ಬಾಯಿಗೆ ಮುಳ್ಳಿನ ಜಾಲಿ ಕಂಟಿ ಎಳೆದು ಮುಚ್ಚುವುದು. ಹೋಗಿಬಂದದ್ದನ್ನು ಒಬ್ಬರು ಬರೆದು, ಬಾರದವರಿಗೆ ಓದಿ ಹೇಳಬೇಕು ಎಂಬುದೂ ಒಂದು ರೂಢಿ. ನಾನು ಆರನೆಯ ಇಯತ್ತೆಗೆ ಸಾಲೆ ಬಿಟ್ಟು ಟ್ರ್ಯಾಕ್ಟರ್ ಪಂಕ್ಚರ್ ಅಂಗಡಿ ಹಾಕಿದವನು. ಇದುವರೆಗೆ ಯಾರೂ ನನಗೆ ಬರೆಯಲು ಹೇಳಿರಲಿಲ್ಲ. ಈ ಸಲ ನಾನೇ ಕೇಳಿ ತೆಗೆದುಕೊಂಡೆ.

ಮೊದಲ ದಿನ ಕಿತ್ತೂರಿನ ಕಡೆ. ಎರೆ ಮುಗಿದು ಕೆಂಪು ಮಣ್ಣು ಶುರುವಾಗುವ ಹೊತ್ತಿಗೆ ಬಿಸಿಲೇರಿತ್ತು. ಕಿತ್ತೂರಿನ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿ ತಿಂದು ಚಹಾ ಕುಡಿದೆವು. ಅಲ್ಲಿಂದ ಮುಂದೆ ಕೆರೆಯ ಹಿಂದಿನ ಕಾಡುದಾರಿಗೆ ಇಳಿದೆವು. ಹೋದ ವರ್ಷ ನಾವೇ ಕೆಡಿಸಿದ್ದ ಒಂದು ತಿರುವು ಮಳೆಗೆ ಸೊಂಟದಾಳ ಕೊರೆದುಹೋಗಿತ್ತು. ಎತ್ತಿನ ಗಾಡಿಯವನೊಬ್ಬ ನಿಂತು ನೋಡಿ, ಕೆಡಿಸುವವರೂ ನೀವೇ ಕಟ್ಟುವವರೂ ನೀವೇ, ನಮಗೇನು ಕೆಲಸ ಉಳಿಯಿತು ಎಂದು ನಗುತ್ತ ಹೋದ. ನನಗೆ ಕಲ್ಲು ತರುವ ಕೆಲಸ. ತಂದು ಸುರಿದ ಮೊದಲ ಬುಟ್ಟಿಯನ್ನು ವೀರಭದ್ರಪ್ಪನವರು ಕಾಲಿನಿಂದ ಸರಿಸಿ ನೋಡಿದರು.

“ಶಂಕರೆಪ್ಪಾ, ನಿಮ್ಮ ತಮ್ಮ ಗೋಲಿ ಆಡಾಕ ಕಲ್ಲ ಆರಿಸ್ಯಾನೇನು? ಇಂಥಾವು ಬಂಡಿಗಟ್ಲೆ ಹಾಕಿದ್ರೂ ಗಾಲಿ ನಿಲ್ಲೂದಿಲ್ಲ.”

ಮಕ್ತುಮ್ ನಕ್ಕ. ಅಣ್ಣನೂ ನಕ್ಕ. ಉಳಿದವರದು ನನಗೆ ಏನೂ ಅನ್ನಿಸಲಿಲ್ಲ, ಅಣ್ಣ ನಕ್ಕದ್ದು ನಾಟಿತು. ಅಪ್ಪ ತೀರಿದ ಮೇಲೆ ನನಗೆ ಕೆಲಸ ಕಲಿಸಿದವನು ಅವನು. ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಜೀಪಿನ ಗೇರು ಹಾಕುವವರೆಗೆ ಅವನ ಕೈಯಲ್ಲೇ ಕಲಿತಿದ್ದೆ. ಆ ದಿನವೆಲ್ಲ ದೊಡ್ಡ ಕಲ್ಲು ಹುಡುಕುತ್ತಲೇ ಇದ್ದೆ.

ರಾತ್ರಿ ಮನೆಗೆ ಬಂದು ಮಲಗಿ, ಶನಿವಾರ ಮೂಡಣ ದಿಕ್ಕಿಗೆ ಹೊರಟೆವು. ಮುನವಳ್ಳಿ ದಾಟಿ ನವಿಲುತೀರ್ಥಕ್ಕೆ ಬಂದಾಗ ಮಧ್ಯಾಹ್ನ. ಅಣೆಕಟ್ಟಿನ ಹಿಂದೆ ನೀರು ಬಹಳ ಕೆಳಗೆ ಹೋಗಿತ್ತು, ಬಿರಿದ ಕೆಸರಿನ ಮೇಲೆ ದನಗಳು ನಡೆದಾಡುತ್ತಿದ್ದವು. ಕಾಲುವೆಯ ಪಕ್ಕದ ದಾರಿಯಲ್ಲಿ ಕೆಲಸ ಹೆಚ್ಚಿರಲಿಲ್ಲ. ಸವದತ್ತಿಯಲ್ಲಿ ಡೀಸೆಲ್ ತುಂಬಿಸಿ, ವೀರಭದ್ರಪ್ಪನವರ ಬೀಗರ ಮನೆಯ ಪಡಸಾಲೆಯಲ್ಲಿ ಉಳಿದೆವು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಮೊಸರು. ಮರುದಿನದ ಏರು ಹೇಗಿದ್ದೀತು ಎಂಬುದೇ ಊಟದ ಮಾತು. ಸವದತ್ತಿಗೂ ರಾಮದುರ್ಗಕ್ಕೂ ನಡುವೆ ಡಾಂಬರು ರಸ್ತೆ ಬಿಟ್ಟು ಗುಡ್ಡ ಹತ್ತುವ ಹಳೆಯ ಬಂಡಿದಾರಿ ಒಂದಿದೆ. ನಮ್ಮ ಎಲ್ಲ ದಾರಿಗಳಲ್ಲಿ ಅಣ್ಣನಿಗೆ ಅದೇ ಪ್ರೀತಿಯದು.

ಭಾನುವಾರ ಬೆಳಿಗ್ಗೆ ಆ ಗುಡ್ಡ ಹತ್ತಿದೆವು. ನಸುಗೆಂಪು ಕಲ್ಲಿನ ಗುಡ್ಡ, ಮೇಲೆ ಬಯಲು. ಆ ಬಯಲಿನಲ್ಲಿ ಒಂದು ಹಾಳೂರು. ನೀರಿಗೆಂದು ಜನ ಒಂದು ತಲೆಮಾರಿನ ಹಿಂದೆಯೇ ಕೆಳಗೆ ರಸ್ತೆಬದಿಗೆ ಹೋಗಿ ನೆಲೆಸಿದ್ದರು. ಮುರುಕು ಗೋಡೆಗಳು, ಬೇವಿನ ಮರಗಳು, ಅಲ್ಲಲ್ಲಿ ಒಂದು ಒರಳು ಉಳಿದಿದ್ದವು. ಗಂಗವ್ವ ಎಂಬ ಮುದುಕಿ ಮಾತ್ರ ಬೇಸಿಗೆಯಲ್ಲಿ ಆಡುಗಳನ್ನು ಕರೆದುಕೊಂಡು ಬಂದು ತನ್ನ ಗಂಡನ ಹಳೆಯ ಮನೆಯ ಒಂದು ಮೂಲೆಗೆ ತಗಡು ಹಾಕಿ ಇರುತ್ತಿದ್ದಳು. ಹೋದ ವರ್ಷ ನಮಗೆಲ್ಲ ಮಜ್ಜಿಗೆ ಕೊಟ್ಟಿದ್ದಳು. ಈ ಸಲ ನಾವು ಹೋದಾಗ ಆಡು ಮೇಯಿಸಲು ಇಳಿಜಾರಿಗೆ ಹೋಗಿದ್ದಳು.

ಹಾಳೂರಿಗೆ ಬರುವ ಮುಂಚೆ ದಾರಿಗೆ ಅಡ್ಡವಾಗಿ ಮೊಣಕಾಲೆತ್ತರದ ಬಂಡೆಯ ಮೆಟ್ಟಿಲಿದೆ. ಹಿಂದಿನ ವರ್ಷ ಕಟ್ಟಿದ್ದ ಇಳಿಜಾರು ಮಳೆಗೆ ಕೊಚ್ಚಿಹೋಗಿತ್ತು. ಗಾಡಿ ಹತ್ತಬೇಕಾದರೆ ಅಲ್ಲಿ ದೊಡ್ಡ ಚಪ್ಪಟೆ ಕಲ್ಲು ಬೇಕು. ಹಾಳು ಗೋಡೆಗಳ ಕಲ್ಲು ಮುಟ್ಟಬಾರದೆಂದು ಅಣ್ಣ ಮೊದಲೇ ಹೇಳಿದ್ದ, ಬಿದ್ದ ಮನೆಗೂ ವಾರಸುದಾರರು ಇರುತ್ತಾರೆ ಎಂಬುದು ಅವನ ಮಾತು. ಕಲ್ಲು ಕೆಳಗಿನ ಹಳ್ಳದಿಂದ ಬರಬೇಕು. ಬಿಸಿಲು ಸುಡುತ್ತಿತ್ತು. ಅವರು ಮೂವರೂ ಕಾಲುವೆ ತೋಡುತ್ತಿದ್ದಾಗ ನಾನು ಹಳ್ಳಕ್ಕೆ ಇಳಿಯದೆ ಹಾಳೂರಿನ ಒಳಗೆ ಹೋದೆ.

ಒಂದು ಬೇವಿನ ಮರದ ಆಚೆ ಆ ಕಲ್ಲು ಕಂಡಿತು. ಮಣ್ಣು, ಸಗಣಿ ಸಾರಿಸಿದ್ದರಿಂದ ಅಂಚು ಮಾತ್ರ ಕಾಣುತ್ತಿತ್ತು. ಉಳಿ ಹಿಡಿದು ಕಡೆದ, ಚೌಕಾಗಿರುವ ಹಾಸುಗಲ್ಲು. ಅದು ಏನೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅದು ಹಗೇವಿನ ಬಾಯಿಗಲ್ಲು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಗೇವು ನಮ್ಮ ಮನೆಯಲ್ಲೂ ಇತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಒಂದು ಕೋಣೆಯಷ್ಟು. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ದೀಪ ಇಳಿಬಿಟ್ಟು ನೋಡದೆ ಯಾರೂ ಇಳಿಯಬಾರದು ಎಂದು ಅಪ್ಪ ನಮ್ಮಿಬ್ಬರಿಗೂ ಕಿವಿ ಹಿಂಡಿ ಹೇಳಿದ್ದ.

ಹಾರೆ ಹಾಕಿ ಮೀಟಿದೆ. ಕಲ್ಲು ಸರಿದಾಗ ಹುಳಿತ ಹಿಟ್ಟಿನಂಥ ಬಿಸಿ ಉಸಿರು ಮುಖಕ್ಕೆ ಬಡಿಯಿತು. ಗಾಡಿಗಳು ಹತ್ತಿದ ಮೇಲೆ ತಂದು ಮುಚ್ಚಿದರಾಯಿತು ಅಂದುಕೊಂಡೆ. ಬಾಯಿಯ ಮೇಲೆ ಒಂದು ಜಾಲಿ ಕಂಟಿ ಎಳೆದೆ. ಕಲ್ಲನ್ನು ಉರುಳಿಸುತ್ತ, ಎಳೆಯುತ್ತ ತಂದೆ. ಎಲ್ಲಿ ಸಿಕ್ಕಿತು ಎಂದು ಅಣ್ಣ ಕೇಳಿದಾಗ ಹಳ್ಳದ ದಂಡೆಯಲ್ಲಿ ಎಂದೆ. ಮೆಟ್ಟಿಲಿಗೆ ಆನಿಸಿದರೆ ಅಳೆದು ತಂದಂತೆ ಕೂತಿತು. ಕಡೆದ ಅಂಚು ಕಾಣದಂತೆ ನಾನೇ ಸುತ್ತ ಸಣ್ಣ ಕಲ್ಲು ಜಡಿದು ಮೇಲೆ ಗರಸು ತುಳಿದೆ. ಮೂರು ಜೀಪುಗಳೂ ಒಂದೇ ಉಸಿರಿಗೆ ಹತ್ತಿದವು. ವೀರಭದ್ರಪ್ಪನವರು ನನ್ನ ಬೆನ್ನು ಚಪ್ಪರಿಸಿದರು. ಅಣ್ಣ ತನ್ನ ಪಾಲಿನ ಶೇಂಗಾ ಹೋಳಿಗೆ ಮುರಿದು ಅರ್ಧ ನನಗೆ ಕೊಟ್ಟ. ಗರಸು ಬಿಚ್ಚಿ ಕಲ್ಲು ತೆಗೆಯೋಣ ಎಂದು ಹೇಳುವ ಬಾಯಿ ಆಮೇಲೆ ನನಗೆ ಬರಲಿಲ್ಲ.

ಊಟದ ನಂತರ ಉಳಿದದ್ದು ಒಳದಾರಿ ಮುಚ್ಚುವ ಕೆಲಸ. ಅಣ್ಣ ಕೊಕ್ಕೆಕೋಲು ಹಿಡಿದು ಕಂಟಿ ಎಳೆದು ತರಲು ಹೋದ. ನಾನು ಜೀಪಿನ ಕೆಳಗೆ ಮಲಗಿ ಒಂದು ನಟ್ಟು ಬಿಗಿ ಮಾಡುತ್ತಿದ್ದೆ. ಅವನು ಬೇವಿನ ಮರದ ಕಡೆ ಹೋಗುವುದನ್ನು ಗಾಲಿಗಳ ಸಂದಿನಿಂದ ನೋಡಿದೆ. ಎದ್ದು ಕೂಗಬೇಕು ಅಂದುಕೊಳ್ಳುವಷ್ಟರಲ್ಲಿ ಅವನು ನಾನು ಹಗೇವಿನ ಬಾಯಿಗೆ ಎಳೆದಿದ್ದ ಆ ಕಂಟಿಗೆ ಕೊಕ್ಕೆ ಹಾಕಿ ಜಗ್ಗಿದ. ಕಂಟಿ ಬಂತು. ಕಾಲ ಕೆಳಗಿನ ಅಂಚಿನ ಮಣ್ಣು ಕುಸಿಯಿತು. ಅಣ್ಣ ನಿಂತಲ್ಲಿ ಅಣ್ಣ ಇರಲಿಲ್ಲ.

ಓಡಿಹೋಗಿ ಬಗ್ಗಿ ನೋಡಿದರೆ ಕತ್ತಲು. ಒಳಗಿನಿಂದ ಅವನ ದನಿ ಬಂತು, ಮೊದಲು ಅದರಲ್ಲಿ ನಗೆಯೂ ಇತ್ತು. ಕಾಲು ಉಳುಕಿದೆ, ಮತ್ತೇನಿಲ್ಲ, ಹಗ್ಗ ಒಗೆಯಿರಿ ಎಂದ. ಮಕ್ತುಮ್ ಹಗ್ಗ ತರಲು ಓಡಿದ. ಅವನು ಬರುವಷ್ಟರಲ್ಲಿ ಅಣ್ಣನ ಮಾತು ತೊದಲತೊಡಗಿತ್ತು. ಕುಡಿದವನ ಹಾಗೆ ಒಂದೇ ಮಾತನ್ನು ಎರಡೆರಡು ಸಲ ಆಡುತ್ತಿದ್ದ. ಹಗ್ಗ ಇಳಿಬಿಟ್ಟೆವು, ಕಂಕುಳ ಕೆಳಗೆ ಕಟ್ಟಿಕೋ ಎಂದು ಕೂಗಿದೆವು. ಕೈ ಏಳುತ್ತಿಲ್ಲ ಎಂದ. 

ಮಕ್ತುಮ್ ಹಿಂದೆಮುಂದೆ ನೋಡದೆ ಬಾಯಿಯೊಳಗೆ ಕಾಲು ಇಳಿಸಿದ್ದ. ನಾನು ಅವನ ನಡು ಹಿಡಿದು ಹಿಂದಕ್ಕೆ ಕೆಡವಿದೆ. ಗಾಳಿ ಕೆಟ್ಟಿದೆ ಎಂದೆ. ಒಂದು ಅರಿವೆಗೆ ಡೀಸೆಲ್ ಅದ್ದಿ, ಹೊತ್ತಿಸಿ, ತಂತಿ ಕಟ್ಟಿ ಪಕ್ಕಕ್ಕೆ ಇಳಿಬಿಟ್ಟೆವು. ಅರ್ಧ ದಾರಿಯಲ್ಲಿ ಯಾರೋ ಊದಿದಂತೆ ಆರಿಹೋಯಿತು.  ಒಳಗಿನಿಂದ ಅಣ್ಣ ನನ್ನ ಹೆಸರು ಹಿಡಿದು ಕರೆಯುತ್ತಿದ್ದ.

“ಈರ್ಯಾ, ನೀ ಬಾರೋ. ಒಂದೀಟ ಕೆಳಗ ಬಾ.”

ಕರೆದರೂ ಇಳಿಯುವಂತಿಲ್ಲ. ಬೇವಿನ ಟೊಂಗೆಗಳನ್ನು ಕಡಿದು, ದೊಡ್ಡ ಸಿವುಡು ಕಟ್ಟಿ, ಹಗ್ಗದಿಂದ ಇಳಿಬಿಟ್ಟು ಎತ್ತುವುದು, ಇಳಿಬಿಡುವುದು. ಒಳಗಿನ ಗಾಳಿ ಕದಡಿ ಹೊರಗಿನದು ಹೊಗಲಿ ಎಂದು ಬಾವಿಯ ನೀರು ಸೇದುವ ಹಾಗೆ ಸೇದಿದೆವು. ಕೈ ಸುಲಿದು ಹಗ್ಗಕ್ಕೆ ರಕ್ತ ಹತ್ತಿತು. ಎಲೆಗಳು ಉದುರಿ ಅಣ್ಣನ ಮೇಲೆ ಬೀಳುತ್ತಿದ್ದವು. ಅವನು ಕ್ಷೀಣವಾಗಿ ಓ ಎನ್ನುತ್ತಿದ್ದ.

ಆ ಗದ್ದಲ ಕೇಳಿ ಗಂಗವ್ವ ಇಳಿಜಾರಿನಿಂದ ಏದುಸಿರು ಬಿಡುತ್ತ ಬಂದಳು. ನೋಡಿದವಳೇ ತನ್ನ ತಗಡಿನ ಮನೆಗೆ ಹೋಗಿ ಕೊಡ ತಂದು, ಗಾಳಿ ತಿಳಿಯಾಗಲೆಂದು ಬಾಯಿಯ ಸುತ್ತ ಒಳಕ್ಕೆ ನೀರು ಚಿಮುಕಿಸಿದಳು. ಆಮೇಲೆ ನೆಲ ನೋಡಿದಳು.

“ಬಾಯಿಗಲ್ಲ ಎಲ್ಲೈತಿ? ಯಾರ ತಗದ್ರಿ ಅದನ್ನ?”

 ಉಳಿದವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ನನ್ನನ್ನೇ, ಬಾಯಿಯ ಹತ್ತಿರ ಬಗ್ಗಿದ್ದವನು ನಾನೇ ಅಲ್ಲವೆ.

“ನಾವ ಬಂದಾಗ ತೆರದ ಇತ್ತ ಯವ್ವಾ. ಕಲ್ಲ ಇರಲೇ ಇಲ್ಲ” ಎಂದೆ.

ಅದಾದ ಮೇಲೆ ಒಳಗಿನಿಂದ ಓ ಎಂಬ ದನಿ ಬರಲಿಲ್ಲ. ಎಷ್ಟು ಕರೆದರೂ ಬರಲಿಲ್ಲ. ಗಾಳಿ ಅವನನ್ನು ತಿಂದಿತು ಎಂದೇ ಅಂದುಕೊಂಡೆ. ಸಿವುಡನ್ನು ಹುಚ್ಚನ ಹಾಗೆ ಎಳೆದೆ. ಮತ್ತೊಂದು ಅರಿವೆ ಹೊತ್ತಿಸಿ ಬಿಟ್ಟೆವು, ಈ ಸಲ ಅದು ಸಣ್ಣಗೆ ಉರಿಯುತ್ತ ತಳ ಮುಟ್ಟಿತು. ನಾನು ಇಳಿಯಲು ಹೋದರೆ ವೀರಭದ್ರಪ್ಪನವರು ಬಿಡಲಿಲ್ಲ, ನೀನು ಮೇಲೆ ಹಗ್ಗ ಹಿಡಿ ಎಂದರು. ಮಕ್ತುಮ್ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದ. ಅಣ್ಣನನ್ನು ಕಟ್ಟಿ ಹಗ್ಗ ಜಗ್ಗಿ ಸನ್ನೆ ಮಾಡಿದ. ನಾವು ಎಳೆದೆವು, ಗಂಗವ್ವನೂ ಹಗ್ಗ ಹಿಡಿದಳು. ಮೇಲೆ ಬಂದ ಅಣ್ಣನ ತುಟಿ ನೀಲಿಯಾಗಿತ್ತು. ನೆಲದ ಮೇಲೆ ಹಾಕಿ ಬೀಸಿದ ಮೇಲೆ ಕೆಮ್ಮಿದ. ಆ ಕೆಮ್ಮು ಕೇಳಿ ನನಗೆ ಅಳು ಬಂತು.

ಜೀವ ಉಳಿಯಿತು ಎಂದು ತಿಳಿದ ಕೂಡಲೇ ವೀರಭದ್ರಪ್ಪನವರ ಅಂಜಿಕೆ ಸಿಟ್ಟಾಯಿತು. ದಾರಿಯ ಬದಿಗೆ ಹಗೇವು ತೆರೆದು ಬಿಟ್ಟು ಮನುಷ್ಯರನ್ನು ಕೊಲ್ಲಲು ಕೂತಿದ್ದೀಯಾ ಎಂದು ಗಂಗವ್ವನನ್ನು ಬೈದರು. ಯುಗಾದಿಗೆ ಮುಂಚೆ ನನ್ನ ಕೈಯಾರೆ ಸಗಣಿ ಸಾರಿಸಿದ್ದೇನೆ ಎಂದು ಅವಳು ಹೇಳಿದಳು. ಹಾಗಾದರೆ ಕಲ್ಲಿಗೆ ಕಾಲು ಬಂದಿತೇ ಎಂದು ಅವರು ಕೇಳಿದರು. ಅವಳು ತನ್ನ ಕೈಗಳನ್ನು ನೋಡಿಕೊಂಡಳು, ತನಗೇ ಮರೆತುಹೋಯಿತೇನೋ ಎಂಬಂತೆ. ನಾನು ಅಣ್ಣನ ಕಾಲಿಗೆ ಅರಿವೆ ಸುತ್ತುತ್ತಿದ್ದೆ. ತಲೆ ಎತ್ತದೆ ಗಂಟು ಬಿಗಿದೆ.

ಗುಡ್ಡ ಇಳಿದು ರಾಮದುರ್ಗದ ಆಸ್ಪತ್ರೆ ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಕಣಕಾಲಿನ ಮೂಳೆ ಸೀಳಿದೆ, ಒಂದು ರಾತ್ರಿ ಇಲ್ಲಿಯೇ ಇರಲಿ ಎಂದರು ಡಾಕ್ಟರು. ಮರುದಿನ ಪೊಲೀಸ್ ಠಾಣೆಗೆ ಹೋಗಿ ಆ ಮುದುಕಿಯ ಮೇಲೆ ಅರ್ಜಿ ಕೊಡೋಣ ಎಂದು ವೀರಭದ್ರಪ್ಪನವರು ವರಾಂಡದಲ್ಲಿ ಮಾತಾಡುತ್ತಿದ್ದರು. ಇಲ್ಲದಿದ್ದರೆ ನಾಳೆ ಇನ್ನೊಬ್ಬ ಬೀಳುತ್ತಾನೆ ಎಂಬುದು ಅವರ ವಾದ. ಅವರದು ತಪ್ಪಲ್ಲ, ಅವರು ನನ್ನ ಮಾತು ನಂಬಿದ್ದರು. ನಾನು ಒಳಗೆ ಹೋಗಿ ಅಣ್ಣನ ಮಂಚದ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಕಲ್ಲು ಎಲ್ಲಿಂದ ತಂದೆ, ಯಾಕೆ ತಂದೆ, ಹೇಗೆ ಮುಚ್ಚಿದೆ, ಏನು ಸುಳ್ಳು ಹೇಳಿದೆ. ಬಡಿಯುತ್ತಾನೆ, ಇಲ್ಲವೇ ಅಳುತ್ತಾನೆ ಎಂದುಕೊಂಡಿದ್ದೆ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ಅಕಿಗೆ ಹೇಳಿದೇನ?” ಎಂದ.

ಇಲ್ಲ ಎಂದೆ.

“ಮತ್ತ ಇಲ್ಲ್ಯಾಕ ಕುಂತಿ?”

ವರಾಂಡಕ್ಕೆ ಬಂದು ವೀರಭದ್ರಪ್ಪನವರಿಗೆ, ಮಕ್ತುಮನಿಗೆ ಹೇಳಿದೆ. ವೀರಭದ್ರಪ್ಪನವರು ಎದ್ದು ಅಣ್ಣನ ಹತ್ತಿರ ಹೋಗಿ ಕುಳಿತರು. ಅರ್ಜಿಯ ಮಾತು ಅಲ್ಲಿಗೆ ನಿಂತಿತು.

ಸೋಮವಾರ ಬೆಳಕು ಹರಿದ ಕೂಡಲೇ ಅಣ್ಣನ ಜೀಪಿನಲ್ಲಿ ನಾನೂ ಮಕ್ತುಮನೂ ಗುಡ್ಡಕ್ಕೆ ಹೋದೆವು. ಗರಸು ಕೆದರಿ ಕಲ್ಲು ಕಿತ್ತೆವು. ಗಂಗವ್ವ ರಾತ್ರಿಯೆಲ್ಲ ಹಗೇವಿನ ಸುತ್ತ ಕಲ್ಲಿಟ್ಟು, ಆಡುಗಳನ್ನು ಕಟ್ಟಿಹಾಕಿ, ಕಾವಲು ಕುಳಿತಿದ್ದಳು. ಕಲ್ಲನ್ನು ಅವಳ ಮುಂದೆ ಇಳಿಸಿ, ತೆಗೆದವನು ನಾನೇ ಎಂದೆ. ಅವಳು ಕಲ್ಲಿನ ಅಂಚನ್ನು ಸವರಿ ನೋಡಿದಳು.

“ನಿನ್ನೆ ರಾತ್ರಿ ಪೂರ್ತಿ ನನಗ ಅರುವು ಮರುವು ಆಗೇತಿ ಅಂತ ಕುಂತಿದ್ದೆ ನಾ” ಎಂದಳು. 

ನಾವು ಕಲ್ಲು ಮುಚ್ಚಲು ಹೋದಾಗ ತಡೆದಳು. ಒಳಗೆ ಬಿದ್ದ ಬೇವಿನ ಸೊಪ್ಪು ಕೊಳೆತರೆ ಗಾಳಿ ಇನ್ನೂ ಕೆಡುತ್ತದೆ, ಅದನ್ನು ತೆಗೆದೇ ಮುಚ್ಚಬೇಕು. ಕಂದೀಲು ಇಳಿಬಿಟ್ಟೆವು. ಅದು ತಳದಲ್ಲಿ ನೆಟ್ಟಗೆ ಉರಿಯಿತು. ನಾನು ಹಗ್ಗ ಕಟ್ಟಿಕೊಂಡು ಇಳಿದೆ. ಗೋಡೆಗಳು ಹೊಟ್ಟೆಯ ಹಾಗೆ ಹೊರಕ್ಕೆ ಬಾಗಿದ್ದವು, ಕೈಗೆ ಸಿಗುತ್ತಿರಲಿಲ್ಲ. ಮೇಲೆ ಬಾಯಿ ಒಂದು ತಾಟಿನಷ್ಟು ಕಾಣುತ್ತಿತ್ತು. ಅಣ್ಣ ಬಿದ್ದಲ್ಲಿ ಧೂಳು ಅಲುಗಿದ ಗುರುತಿತ್ತು. ಸೊಪ್ಪು ಬಳಿದು ಬುಟ್ಟಿಗೆ ತುಂಬುತ್ತಿದ್ದೆ. ಆಗ ಮೇಲೆ ಗಂಗವ್ವ ನನಗೆ ಕೇಳಿಸಬಾರದೆಂದು ದೂರ ಸರಿದು, ದನಿ ತಗ್ಗಿಸಿ, ಮಕ್ತುಮನನ್ನು ಕೇಳಿದಳು.

“ಇಂವ ಅವನ ಖಾಸ ತಮ್ಮೇನು?”

“ಹೌದ ಯವ್ವಾ. ಒಂದ ಹೊಟ್ಟ್ಯಾಗ ಹುಟ್ಟಿದವರು.”

ಪಿಸುಮಾತು. ಆದರೂ ಒಂದೊಂದು ಅಕ್ಷರವೂ ನನ್ನ ಕಿವಿಯಲ್ಲೇ ಆಡಿದಂತೆ ಕೆಳಗೆ ಬಿತ್ತು. ಅವಳ ಬಳೆಯ ಸದ್ದು, ಆಡು ಮೆಲುಕಾಡುವುದು ಎಲ್ಲ ಕೇಳಿಸುತ್ತಿತ್ತು. ನನ್ನ ಕೈ ನಿಂತುಹೋಯಿತು. ನಿನ್ನೆ ನಾನು ಪಿಸುಗುಟ್ಟಿರಲಿಲ್ಲ. ಈ ಬಾಯಿಯ ಮೇಲೆಯೇ ಬಗ್ಗಿ, ಕಲ್ಲು ಇರಲೇ ಇಲ್ಲ ಎಂದು ಗಟ್ಟಿಯಾಗಿ ಹೇಳಿದ್ದೆ. ಬುಟ್ಟಿ ತುಂಬಿತೇ ಎಂದು ಮಕ್ತುಮ್ ಎರಡು ಸಲ ಕೂಗಿದ ಮೇಲೆ ಹಗ್ಗ ಅಲುಗಿಸಿದೆ.

ಕಲ್ಲು ಮುಚ್ಚಿ, ಅವಳು ಹೇಳಿದಂತೆ ಮಣ್ಣು ಕಲಸಿ ಕೊಟ್ಟೆ. ಸಾರಿಸುವುದನ್ನು ಅವಳು ನಮಗೆ ಬಿಡಲಿಲ್ಲ. ಇಳಿಯುವಾಗ ಇಳಿಜಾರಿಲ್ಲದ ಆ ಮೆಟ್ಟಿಲಿನಲ್ಲಿ ಜೀಪಿನ ಹೊಟ್ಟೆ ಬಂಡೆಗೆ ತಾಗಿ ಕಿರುಗುಟ್ಟಿತು. ರಾಮದುರ್ಗಕ್ಕೆ ಬಂದು, ಹಿಂದೆ ಹಾಸಿಗೆ ಹಾಸಿ ಅಣ್ಣನನ್ನು ಮಲಗಿಸಿ, ಡಾಂಬರು ರಸ್ತೆ ಹಿಡಿದು ಬೈಲಹೊಂಗಲಕ್ಕೆ ಹೊರಟೆವು. ವೀರಭದ್ರಪ್ಪನವರು ತಮ್ಮ ಜೀಪಿನಲ್ಲಿ ಮುಂದೆ ಹೋಗಿದ್ದರು; ಮಕ್ತುಮ್ ತನ್ನದನ್ನು ಆಸ್ಪತ್ರೆಯ ಅಂಗಳದಲ್ಲೇ ಬಿಟ್ಟು ನಮ್ಮದನ್ನು ಹೊಡೆಯುತ್ತಿದ್ದ, ನಾನು ಅಣ್ಣನ ಕಾಲಿನ ಹತ್ತಿರ ಕುಳಿತಿದ್ದೆ.  ಮುನವಳ್ಳಿಯಲ್ಲಿ ಗಾಡಿ ನಿಲ್ಲಿಸಿ ಅವನಿಗೆ ನೀರು ಕೊಟ್ಟಾಗ ನಾನೇ ಬಾಯಿ ತೆರೆದೆ. ಒಳಗೆ ಇಳಿದಿದ್ದೆ, ಅಲ್ಲಿ ಎಲ್ಲ ಕೇಳಿಸುತ್ತದೆ ಎಂದೆ.

ಅಣ್ಣ ನೀರು ಕುಡಿದು ಮುಗಿಸಿದ. ಲೋಟ ನನ್ನ ಕೈಗೆ ಕೊಟ್ಟ.

“ಬಿದ್ದ ಕೂಡ್ಲೇ ನೀ ತಂದ ಕಲ್ಲ ಯಾವುದಂತ ತಿಳೀತು. ಕಣ್ಣ ಮುಚ್ಚಾಕ ಹತ್ತಿದ್ದೂ. ಅಕಿ ಕಲ್ಲ ಎಲ್ಲಿ ಅಂತ ಕೇಳಿದ್ಳಲ್ಲ, ನೀ ಏನಂತಿ ಕೇಳೂಣು ಅಂತ ಎಚ್ಚರ ಹಿಡದಿದ್ದೆ” ಎಂದ. ಮತ್ತೆ ಹಾಸಿಗೆಗೆ ಒರಗಿದ. “ನೀ ಅಂದಿ. ಆಮ್ಯಾಲ ಓ ಅನ್ನೂದ ಸಾಕನಿಸ್ತು.”

ಮಕ್ತುಮ್ ಗಾಡಿ ಎಬ್ಬಿಸಿದ. ಬೈಲಹೊಂಗಲ ಇನ್ನೂ ದೂರವಿತ್ತು.